ಇಂಗ್ಲಿಷ್ ಜನಪದ ಗೀತೆಗಳ ಸಂಗ್ರಹ: ಲಿಪಿ ಮತ್ತು ದನಿ

1903ರಲ್ಲಿ ಸಾಮರ್ಸೆಟ್ ಪ್ರಾಂತದ ಹ್ಯಾಂಬ್ರಿಜ್ ಹಳ್ಳಿಯಲ್ಲಿ ಜಾನ್ ಇಂಗ್ಲೆಂಡ್ ಎಂಬ ತೋಟಗಾರನು ಹಾಡಿದ ಹಾಡೊಂದನ್ನು ಸಂಗೀತ ಶಿಕ್ಷಕ ಸೆಸಿಲ್ ಶಾರ್ಪ್ ಸ್ವರಲಿಪಿಯಲ್ಲಿ ಬರೆದುಕೊಂಡನು. ಅವನ ಸಂಗ್ರಹಕಾರ್ಯ ಆರಂಭವಾದುದು ಹೀಗೆ. ಕೈಬರಹದ ಟಿಪ್ಪಣಿಗಳಲ್ಲಿ ಕೇಳಿದ ಮಾತುಗಳನ್ನು ಅವನು ಉಳಿಸಿಕೊಂಡನಾದರೂ, 1904ರಿಂದ 1909ರವರೆಗೆ ಐದು ಭಾಗಗಳಲ್ಲಿ ಅಚ್ಚಾದ ಸಾಮರ್ಸೆಟ್ ಗೀತೆಗಳಲ್ಲಿ ಶೃಂಗಾರದ ಸಾಲುಗಳು ಅಂದಿನ ಸಭ್ಯತೆಗೆ ತಕ್ಕಂತೆ ತಿದ್ದುಪಡಿಗೊಂಡವು. ವಾದ್ಯದ ನೆರವಿಲ್ಲದೆ ಒಂಟಿ ದನಿಯಲ್ಲಿ ಹಾಡುತ್ತಿದ್ದ ಹಾಡುಗಳಿಗೆ ಪಿಯಾನೋ ಜೊತೆಗೂಡಿತು. ಶಾಲೆಗಳನ್ನು ತಲುಪಿದ್ದು ಈ ಪಾಠವೇ. ಟಿಪ್ಪಣಿಗಳು ಕೇಂಬ್ರಿಜ್‌ನ ಕ್ಲೇರ್ ಕಾಲೇಜಿನಲ್ಲಿ ಉಳಿದಿರುವುದರಿಂದ ಮಾತ್ರ ಎರಡನ್ನೂ ಹೋಲಿಸುವುದು ಸಾಧ್ಯವಾಗಿದೆ.

ಮಾತಿಗಿಂತಲೂ ಸೂಕ್ಷ್ಮವಾದುದು ಧಾಟಿಯ ಪ್ರಶ್ನೆ. ಪರ್ಸಿ ಗ್ರೇಂಜರ್ 1906ರಲ್ಲಿ ಲಿಂಕನ್‌ಶೈರ್ ಪ್ರಾಂತದಲ್ಲಿ ಫೋನೋಗ್ರಾಫ್ ಬಳಸಿದನು. ಮೇಣದ ಉರುಳೆಗಳನ್ನು ಮತ್ತೆ ಮತ್ತೆ ಕೇಳಿದಾಗ, ಜೋಸೆಫ್ ಟೇಲರ್‌ನಂತಹ ಹಾಡುಗಾರರು ನುಡಿಯಿಂದ ನುಡಿಗೆ ಸ್ವರವನ್ನೂ ಲಯವನ್ನೂ ಬದಲಿಸುತ್ತಿದ್ದುದು ಸ್ಪಷ್ಟವಾಯಿತು. ಇದು ಮರೆವಲ್ಲ, ಹಾಡುಗಾರನ ಕಲೆ ಎಂದು ಗ್ರೇಂಜರ್ 1908ರ ಲೇಖನದಲ್ಲಿ ಪ್ರತಿಪಾದಿಸಿದನು. ಯಂತ್ರದೆದುರು ಹಾಡುಗಾರ ಸಂಕೋಚಗೊಳ್ಳುತ್ತಾನೆಂಬ ಶಾರ್ಪನ ಆಕ್ಷೇಪ ನಿರಾಧಾರವೇನಲ್ಲ. ಆದರೆ ಅವಸರದಲ್ಲಿ ಬರೆಯುವ ಕೈಗೆ ಇಂತಹ ವ್ಯತ್ಯಾಸಗಳು ದಕ್ಕುವುದು ಕಷ್ಟ. ಅದೇ ವರ್ಷ, ಎಪ್ಪತ್ತು ದಾಟಿದ್ದ ಟೇಲರನ ಹಾಡುಗಳನ್ನು ಗ್ರಾಮಫೋನ್ ಕಂಪನಿಯು ಲಂಡನ್ನಿನಲ್ಲಿ ಧ್ವನಿಮುದ್ರಿಸಿಕೊಂಡಿತು.