ಯಂತ್ರಭಟನ ಗುಣಪರೀಕ್ಷೆ

ಧಾರಾನಗರದ ಭೋಜದೇವನು ಕ್ರಿಸ್ತಶಕ ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ಸಮರಾಂಗಣಸೂತ್ರಧಾರವು ವಾಸ್ತುಶಾಸ್ತ್ರದ ಗ್ರಂಥವಾದರೂ ಅದರ ೩೧ನೆಯ ಅಧ್ಯಾಯವು ಯಂತ್ರಗಳಿಗೆ ಮೀಸಲಾಗಿದೆ. ಮಹಾಮಹೋಪಾಧ್ಯಾಯ ಟಿ. ಗಣಪತಿಶಾಸ್ತ್ರಿಗಳು ಈ ಗ್ರಂಥವನ್ನು ಶೋಧಿಸಿ, ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೨೪-೨೫ರಲ್ಲಿ ಪ್ರಕಟಿಸಿದರು. ಅಂದಿನಿಂದ ಯಂತ್ರಾಧ್ಯಾಯದ ಮಾತು ಬಂದಾಗಲೆಲ್ಲ ಮರದ ವಿಮಾನವು ನಿಜವಾಗಿ ಹಾರಿತೆ ಎಂಬ ಪ್ರಶ್ನೆಯೇ ಮುಂದಾಗುತ್ತದೆ. ಇದರ ಗದ್ದಲದಲ್ಲಿ ಮತ್ತೊಂದು ಮುಖ್ಯವಿಷಯವು ಮರೆಯಾಗಿದೆ. ಒಳ್ಳೆಯ ಯಂತ್ರಕ್ಕೆ ಇರಬೇಕಾದ ಸುಮಾರು ೨೦ ಗುಣಗಳನ್ನು ಭೋಜನು ಅಲ್ಲಿ ಎಣಿಸಿರುವನು. ಯಂತ್ರವನ್ನು ಕಟ್ಟುವ ಕ್ರಮವನ್ನು ಗೋಪ್ಯವೆಂದು ಬಿಟ್ಟ ಗ್ರಂಥಕಾರನು ಅದನ್ನು ಪರೀಕ್ಷಿಸುವ ಕ್ರಮವನ್ನು ಮಾತ್ರ ಬಚ್ಚಿಟ್ಟಿಲ್ಲ.

ಈ ಗುಣಗಳು ಬರಿಯ ಹೆಸರುಗಳೋ, ಇಂದಿಗೂ ಒರೆಗಲ್ಲಾಗಬಲ್ಲವೋ ಎಂಬುದನ್ನು ತಿಳಿಯಲು ಇಂದಿನದೇ ಒಂದು ವಸ್ತು ಬೇಕು. ಅಂತಹುದು ಸಂಗ್ರಾಹಕರು ಕೊಂಡಿಡುವ ಯಂತ್ರಭಟನ ಗೊಂಬೆ. ಎಂದರೆ ಕೈಕಾಲುಗಳಲ್ಲಿ ಕೀಲುಗಳುಳ್ಳ, ಆಯುಧ ಹಿಡಿದ ರೋಬೋಟ್ ಸೈನಿಕ. ಯಂತ್ರಭಟನ ಕಲ್ಪನೆಯು ಭಾರತಕ್ಕೆ ಹೊಸತಲ್ಲ. ಅಜಾತಶತ್ರುವು ಹೂಳಿಸಿದ ಬುದ್ಧಧಾತುಗಳ ಸುತ್ತ ಕತ್ತಿ ಬೀಸುವ ಮರದ ಕಾವಲುಗಾರರಿದ್ದರೆಂಬ ಕಥೆಯು ಪಾಳಿಯ ವ್ಯಾಖ್ಯಾನಗಳಲ್ಲಿದೆ; ಭೋಜನೂ ಕಳ್ಳರನ್ನು ತಡೆಯುವ ಮರದ ದ್ವಾರಪಾಲಕರನ್ನು ಹೇಳುತ್ತಾನೆ. ರೋಬೋಟ್ ಎಂಬ ಶಬ್ದವಾದರೋ ಜೆಕ್ ನಾಟಕಕಾರನಾದ ಕಾರೆಲ್ ಚಾಪೆಕನ ೧೯೨೦ರ ನಾಟಕದಿಂದ ಲೋಕಕ್ಕೆ ಹರಡಿತು. ೧೯೬೪ರಲ್ಲಿ ಅಮೆರಿಕದಲ್ಲಿ ಜಿ. ಐ. ಜೋ ಎಂಬ ಕೀಲುಗೊಂಬೆಯ ಸೈನಿಕನು ಮಾರಾಟಕ್ಕೆ ಬಂದನು. ಜಪಾನಿನಲ್ಲಿ ೧೯೭೯ರ ಗುಂಡಮ್ ಚಿತ್ರಮಾಲೆಯ ಯುದ್ಧಯಂತ್ರಗಳನ್ನು ಬಂದಾಯ್ ಸಂಸ್ಥೆಯು ೧೯೮೦ರಿಂದ ಗೊಂಬೆಗಳಾಗಿ ಮಾಡಿತು. ಈಗ ಇಂತಹ ಒಂದೊಂದು ಗೊಂಬೆಗೆ ಸಾವಿರಾರು ರೂಪಾಯಿಗಳನ್ನು ತೆರುವವರಿದ್ದಾರೆ. ತೆರುವವನು ಪೆಟ್ಟಿಗೆಯ ಚಿತ್ರವನ್ನೂ ಅಲಭ್ಯತೆಯ ಮಾತನ್ನೂ ನಂಬಿ ತೆರುತ್ತಾನೆಯೇ ಹೊರತು ಗೊಂಬೆಯ ಗುಣವನ್ನು ನೋಡಿ ತೆರುವುದು ಅಪರೂಪ.

ಗುಣದ ಹೆಸರನ್ನು ಕೇಳಿದ ಮಾತ್ರಕ್ಕೆ ಗುಣವು ಕಣ್ಣಿಗೆ ಕಟ್ಟುವುದಿಲ್ಲ, ದೃಷ್ಟಾಂತವು ಬೇಕು. ೧೯೯೭ರವರೆಗೆ ಧಾರವಾಡ ಜಿಲ್ಲೆಗೂ ಅನಂತರ ಹಾವೇರಿ ಜಿಲ್ಲೆಗೂ ಸೇರಿದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಿಲ್ಪಾದಿಗಳಲ್ಲಿ ಅಂತಹ ದೃಷ್ಟಾಂತಗಳು ಬೇಕಾದಷ್ಟಿವೆ. ಆದುದರಿಂದ ಮುಂದಿನ ವಿಚಾರದಲ್ಲಿ ಲಕ್ಷಣವು ಭೋಜನದು, ದೃಷ್ಟಾಂತವು ಈ ನಾಡಿನದು, ಪರೀಕ್ಷ್ಯವು ಯಂತ್ರಭಟನದು.

ಮೊದಲು ನೋಡತಕ್ಕದ್ದು ತಾದ್ರೂಪ್ಯ. ಎಂದರೆ ಯಾವುದರ ರೂಪವೋ ಅದರಂತಿರುವಿಕೆ. ಕದಂಬರ ರಾಜಧಾನಿಯಾಗಿದ್ದ ಹಾನಗಲ್ಲನ್ನು ಹೊಯ್ಸಳ ವೀರಬಲ್ಲಾಳನು ೧೧೯೬ರಲ್ಲಿ ಮುತ್ತಿದನು. ಅಂತಹ ಕಾಳಗಗಳ ನೆನಪು ಆ ಸೀಮೆಯ ವೀರಗಲ್ಲುಗಳಲ್ಲಿ ಉಳಿದಿದೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಯುದ್ಧವೂ ನಡುವೆ ವೀರನನ್ನೊಯ್ಯುವ ಅಪ್ಸರೆಯರೂ ಮೇಲೆ ದೇವಸನ್ನಿಧಿಯೂ ಇರುವುದು ವಾಡಿಕೆ. ಒಳ್ಳೆಯ ಕಲ್ಲಿನಲ್ಲಿ ವೀರನ ಮುಖವು ಸವೆದಿದ್ದರೂ ಅವನು ಬಿಲ್ಲುಗಾರನೋ ಕತ್ತಿ ಹಿಡಿದವನೋ ಎಂಬುದು ಕಾಲೂರಿದ ರೀತಿಯಿಂದಲೂ ಹೆಗಲಿನ ವಾಲಿನಿಂದಲೂ ತಿಳಿಯುತ್ತದೆ. ಯಂತ್ರಭಟನಿಗೂ ಇದೇ ಪರೀಕ್ಷೆ. ಕೈಯ ಬಂದೂಕವನ್ನು ತೆಗೆದಿಟ್ಟ ಮೇಲೂ ನಿಲುವು ಯೋಧನದಾಗಿಯೇ ತೋರಬೇಕು. ಬಂದೂಕವನ್ನು ಕೊಟ್ಟಾಗ ಬೆರಳುಗಳು ಅದರ ಹಿಡಿಯನ್ನು ಸುತ್ತಿ ಹಿಡಿಯಬೇಕು. ಅಳತೆಯೂ ಸರಿಯಿರಬೇಕು. ೧೮ ಮೀಟರು ಎತ್ತರದ್ದೆಂದು ಕಲ್ಪಿತವಾದ ಗುಂಡಮ್ ೧೪೪ರಲ್ಲಿ ಒಂದಂಶದ ಪ್ರಮಾಣದಲ್ಲಿ ಹನ್ನೆರಡೂವರೆ ಸೆಂಟಿಮೀಟರಾಗುತ್ತದೆ. ಆಯುಧವೂ ಅದೇ ಪ್ರಮಾಣಕ್ಕೆ ಇಳಿದಿರಬೇಕು. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯ ಶಿಲ್ಪಗಳೂ ಅವನ್ನು ವಿವರಿಸುವ ಬರೆಹಗಳೂ ಜೊತೆಯಾಗಿವೆ. ಅಲ್ಲಿ ಬರೆಹವೂ ರೂಪವೂ ಹೊಂದುವಂತೆ, ಪೆಟ್ಟಿಗೆಯ ಮೇಲಣ ಹೆಸರೂ ಒಳಗಿನ ಗೊಂಬೆಯೂ ಆಯುಧಗಳೂ ಹೊಂದಬೇಕು.

ಎರಡನೆಯದು ಸೌಶ್ಲಿಷ್ಟ್ಯ, ಅಂಗಾಂಗಗಳ ಹೊಂದಾಣಿಕೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದ ಒಳಮಾಳಿಗೆಯು ಕಲ್ಲುಗಳನ್ನು ಸುತ್ತುಸುತ್ತಾಗಿ ಮುಂಚಾಚಿ ಜೋಡಿಸಿದ ಬೃಹತ್ಪದ್ಮ. ಬೇರೆ ಬೇರೆ ಕಲ್ಲುಗಳಾದರೂ ನೋಡುವವನ ಕಣ್ಣಿಗೆ ಅದು ಒಂದೇ ಹೂವು. ಯಂತ್ರಭಟನ ಮೈಯೂ ಅಚ್ಚಿನಲ್ಲಿ ಎರಕಹೊಯ್ದ ಬಿಡಿಭಾಗಗಳ ಕೂಟ. ಎರಡು ಹೋಳುಗಳು ಕೂಡುವಲ್ಲಿ ಉಗುರು ಸಿಕ್ಕುವಷ್ಟು ಸಂದಿದ್ದರೆ ಸೌಶ್ಲಿಷ್ಟ್ಯಕ್ಕೆ ಭಂಗ. ತಿರುಪುಮೊಳೆಗಳೂ ಕೀಲಿನ ಗುಬುಟುಗಳೂ ಕವಚದ ಮಡಿಕೆಯಲ್ಲಿ ಅಡಗಿದ್ದರೆ ಭೋಜನು ಹೇಳುವ ಅನುಲ್ಬಣತ್ವವೂ, ಎಂದರೆ ಎದ್ದು ಕಾಣದಿರುವಿಕೆಯೂ, ಸಿದ್ಧಿಸುತ್ತದೆ.

ಮೂರನೆಯದೇ ಪರೀಕ್ಷೆಯ ಪ್ರಾಣ. ಭೋಜನು ಅಶೈಥಿಲ್ಯವನ್ನೂ ಅಗಾಢತೆಯನ್ನೂ ಎರಡು ಗುಣಗಳಾಗಿ ಹೇಳಿರುವನು. ಕೀಲು ಸಡಿಲವೂ ಆಗಿರಬಾರದು, ಬಿಗಿಯೂ ಆಗಿರಬಾರದು. ಒಂದನ್ನು ಹೇಳಿದರೆ ಸಾಲದೆ ಎಂದು ಕೇಳಬಹುದು, ಸಾಲದು. ಸಡಿಲನ್ನು ನೀಗಲು ಹೊರಟ ಕುಶಲಿಯು ಬಿಗಿತಕ್ಕೂ, ಬಿಗಿತವನ್ನು ನೀಗಲು ಹೊರಟವನು ಸಡಿಲಿಗೂ ಸಿಕ್ಕುತ್ತಾನೆ. ಇವೆರಡರ ನಡುವಣ ಕಿರಿದಾದ ಎಡೆಯಲ್ಲಿಯೇ ಕೌಶಲವಿದೆ. ಪರೀಕ್ಷಕನು ಆಯುಧಸಹಿತವಾದ ತೋಳನ್ನು ಹೆಗಲಿನ ಮಟ್ಟಕ್ಕೆ ಎತ್ತಿ ಬಿಡಬೇಕು. ಮರುದಿನವೂ ಅದು ಇಳಿಯದಿದ್ದರೆ ಅಶೈಥಿಲ್ಯ. ಮೊಣಕಾಲನ್ನು ಮಡಿಸುವಾಗ ಬೆರಳಿಗೆ ಸಮನಾದ ತಡೆಯು ತಿಳಿಯಬೇಕು. ಬಲವನ್ನು ಹಾಕಬೇಕಾಗಿ ಬಂದು, ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಗೀರು ಮೂಡಿದರೆ ಅದು ಮುರಿಯುವ ಮುನ್ಸೂಚನೆ. ಮಡಿಸುವಾಗ ಕವಚವು ಕವಚಕ್ಕೆ ತಾಗಿ ನಿಂತರೆ ಅಸ್ಖಲದ್ಗತಿಗೆ, ಎಂದರೆ ಎಡವದ ಚಲನೆಗೆ, ಕೊರತೆ.

ನಾಲ್ಕನೆಯದು ಮಸೃಣತೆ, ನುಣುಪು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗಣ ನಗರೇಶ್ವರ ದೇವಾಲಯವನ್ನು ಜನರು ಅರವತ್ತುಕಂಬದ ಗುಡಿಯೆಂದು ಕರೆಯುತ್ತಾರೆ. ತಿರುಗಣೆಯಲ್ಲಿ ಕಡೆದ ಅಲ್ಲಿಯ ಕಂಬಗಳ ಏಣುಗಳು ಇಂದಿಗೂ ಸ್ಪಷ್ಟ. ಗೊಂಬೆಯಲ್ಲಿ ಅಚ್ಚಿನಿಂದ ಬಿಡಿಸಿದ ಗಂಟುಗುರುತು ಉಳಿದಿರಬಾರದು. ಒಂದು ಬಣ್ಣವು ಮತ್ತೊಂದರ ಎಲ್ಲೆಯನ್ನು ದಾಟಬಾರದು. ಆದರೆ ಕೆಲವು ಯಂತ್ರಭಟರಿಗೆ ಬೇಕೆಂದೇ ತುಕ್ಕು, ಕೆಸರು, ಗುಂಡಿನ ಗಾಯಗಳ ಬಣ್ಣವನ್ನು ಹಾಕುವುದುಂಟು. ಇದನ್ನು ದೋಷವೆನ್ನಬೇಕೆ? ಇಲ್ಲಿ ಅದೇ ಭೋಜನ ಸರಸ್ವತೀಕಂಠಾಭರಣವು ನೆರವಾಗುತ್ತದೆ. ಕಾವ್ಯಕ್ಕೆ ೨೪ ಗುಣಗಳನ್ನು ಎಣಿಸಿದ ಅವನು, ಸಂದರ್ಭವಿಶೇಷದಿಂದ ದೋಷವೇ ಗುಣವಾಗುವುದನ್ನು ವೈಶೇಷಿಕವೆಂಬ ಬೇರೆಯ ವರ್ಗದಲ್ಲಿಟ್ಟನು. ಕವಚದ ಅಂಚಿನಲ್ಲಿ, ಪಾದದಲ್ಲಿ, ಎಂದರೆ ಸವೆಯಬೇಕಾದಲ್ಲಿಯೇ ಸವೆತವು ತೋರಿದರೆ ಅದು ವೈಶೇಷಿಕಗುಣ. ಎಲ್ಲೆಂದರಲ್ಲಿ ಬಳಿದಿದ್ದರೆ ದೋಷವನ್ನು ಮುಚ್ಚುವ ಉಪಾಯ.

ಕಡೆಯದಾಗಿ ದಾರ್ಢ್ಯ ಮತ್ತು ಚಿರಕಾಲಸಹತ್ವ. ಸವಣೂರಿನ ದೊಡ್ಡಹುಣಸೆ ಮಠದ ಮರಗಳ ಬೊಡ್ಡೆಯು ನೋಡಿದವರನ್ನು ಬೆರಗುಗೊಳಿಸುವಷ್ಟು ದಪ್ಪ. ಆದರೆ ಆಫ್ರಿಕೆಯ ಮೂಲದ ಈ ಜಾತಿಯ ಮರವು ಮೆದುವಾದ, ನೀರುಂಡ ತಿರುಳಿನದು. ಬಡಗಿಯ ಕೆಲಸಕ್ಕೆ ಸಲ್ಲದು. ಗಾತ್ರವೇ ದೃಢತೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲೋಹದ ಗೊಂಬೆಯು ಕೈಗೆ ಭಾರವಾಗಿರುವುದರಿಂದ ಶ್ರೇಷ್ಠವೆಂದು ತಿಳಿಯುವುದು ಹೀಗೆಯೇ ತಪ್ಪು. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆಯಿದ್ದರೆ ಕಾಲಕ್ರಮದಲ್ಲಿ ಅದು ಬಿರಿದು ಪುಡಿಯಾಗುತ್ತದೆ. ಎ.ಬಿ.ಎಸ್. ಎಂಬ ಗಡಸು ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗುತ್ತದೆ, ಮೆದುವಾದ ಪಿ.ವಿ.ಸಿ.ಯು ತನ್ನೊಳಗಣ ಎಣ್ಣೆಯಂತಹ ದ್ರವ್ಯವನ್ನು ಹೊರಸೂಸಿ ಅಂಟಂಟಾಗುತ್ತದೆ. ಆದುದರಿಂದ ಭಾರವು ಪಾದದಲ್ಲಿದ್ದು ನಿಲುವಿಗೆ ನೆರವಾಗಿದೆಯೆ, ಹೆಗಲಿನಲ್ಲಿದ್ದು ಕೀಲನ್ನು ಸವೆಯಿಸುತ್ತಿದೆಯೆ ಎಂಬುದನ್ನು ನೋಡಬೇಕು. ಹಳೆಯ ಗೊಂಬೆಯಾದರೆ ಬಣ್ಣದ ಕೆಳಗೆ ಕೂದಲೆಳೆಯ ಬಿರುಕುಗಳನ್ನು ಹುಡುಕಬೇಕು.

ಹೀಗೆ ನೋಡಿದರೆ ಒಡೆಯದ ಪೆಟ್ಟಿಗೆ, ಅಲಭ್ಯತೆ, ಮುದ್ರಿತವಾದ ಸಂಖ್ಯೆ ಮೊದಲಾದುವು ಬೆಲೆಯ ಕಾರಣಗಳೇ ಹೊರತು ಗುಣಗಳಲ್ಲ. ಅಷ್ಟೇ ಅಲ್ಲ, ಒಡೆಯದ ಪೆಟ್ಟಿಗೆಯೊಳಗಣ ಯಂತ್ರಭಟನ ಅಶೈಥಿಲ್ಯ, ಅಗಾಢತೆ, ಅಸ್ಖಲದ್ಗತಿಗಳನ್ನು ಯಾರೂ ಅರಿಯಲಾರರು. ಹೆಚ್ಚಿನ ಬೆಲೆಯನ್ನು ತೆತ್ತವನೇ ಮುಖ್ಯಗುಣಗಳನ್ನು ಪರೀಕ್ಷಿಸದೆ ಕೊಂಡವನಾಗುತ್ತಾನೆ. ನಕಲಿಗಳು ಪೆಟ್ಟಿಗೆಯನ್ನೂ ಮೇಲ್ಬಣ್ಣವನ್ನೂ ಸುಲಭವಾಗಿ ಅನುಕರಿಸಬಲ್ಲುವು. ಕೀಲಿನ ಹದವನ್ನು ಅನುಕರಿಸುವುದು ದುಷ್ಕರ.

ಇಷ್ಟರಿಂದ ಭೋಜನ ಕಾಲದಲ್ಲಿ ಇಂದಿನ ರೋಬೋಟುಗಳಿದ್ದುವೆಂದು ಸಾಧಿಸಿದಂತಾಗುವುದಿಲ್ಲ. ಹಾಗೆ ಸಾಧಿಸಹೊರಡುವುದು ಗ್ರಂಥಕ್ಕೆ ಗೌರವವೂ ಅಲ್ಲ. ಅವನು ವರ್ಣಿಸಿದ ಯಂತ್ರಗಳಲ್ಲಿ ಯಾವುವು ನಡೆದುವು, ಯಾವುವು ಕಲ್ಪನೆ ಎಂಬ ಪ್ರಶ್ನೆಯು ಇತ್ಯರ್ಥವಾಗದೆ ನಿಂತರೂ ಅವನ ಗುಣಪಟ್ಟಿಯು ಇಂದಿನ ಪ್ಲಾಸ್ಟಿಕ್ಕಿನ ಸೈನಿಕನನ್ನು ತೂಗಬಲ್ಲುದು. ಶಾಸ್ತ್ರದ ಹಿರಿಮೆಯು ಎಲ್ಲವೂ ಮೊದಲೇ ಇತ್ತೆಂಬ ಹೆಮ್ಮೆಯಲ್ಲಿಲ್ಲ. ಮುಂದೆ ಬರುವ ವಸ್ತುವನ್ನೂ ಅಳೆಯಬಲ್ಲ ವಿವೇಕದಲ್ಲಿದೆ. ಲಕ್ಷಣವನ್ನು ಲಕ್ಷ್ಯದೊಡನೆ ಹೀಗೆ ಒರೆಗೆ ಹಚ್ಚಿ ನೋಡುವುದು ಯಂತ್ರಾಧ್ಯಾಯಕ್ಕೆ ಹೇಗೋ, ತರಗತಿಗಳಲ್ಲಿ ಬೋಧಿಸುವ ಕಾವ್ಯಗುಣಗಳಿಗೂ ಹಾಗೆಯೇ ಅವಶ್ಯಕ.