ಮುರಿಯುವ ಮುನ್ನ ಎಲುಬಿಗೆ ಆಸರೆ

ಬನಶಂಕರಿ ಬಡಾವಣೆಯ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದು. ನಾಲ್ಕು ವರ್ಷಗಳ ಹಿಂದೆ ಸ್ತನದ ಅರ್ಬುದಕ್ಕೆ ಚಿಕಿತ್ಸೆಯಾಗಿ ಆರೋಗ್ಯ ಮರಳಿದೆ. ಈಗ ಕೆಲವು ವಾರಗಳಿಂದ ಬಲತೊಡೆಯ ಮೇಲ್ಭಾಗದಲ್ಲಿ ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಅದು ಹೆಚ್ಚುತ್ತದೆ. ರಾತ್ರಿ ಮಲಗಿದರೂ ಬಿಡದು. ಮನೆಯವರು ವಾತವೆಂದು ಬಗೆದು ಎಣ್ಣೆ ತಿಕ್ಕುತ್ತಾರೆ. ಹೀಗೆ ದಿನ ಕಳೆಯುವುದರಲ್ಲಿಯೇ ಅಪಾಯವಿದೆ.

ಮೂಲ ಗಂತಿಯಿಂದ ಬೇರ್ಪಟ್ಟ ಅರ್ಬುದದ ಜೀವಕೋಶಗಳು ರಕ್ತದೊಡನೆ ದೇಹವನ್ನೆಲ್ಲ ಸುತ್ತುತ್ತವೆ. ಆದರೆ ಹೋದೆಡೆಯಲ್ಲೆಲ್ಲ ಅವು ನೆಲೆಯೂರುವುದಿಲ್ಲ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು, ಸ್ತನದ ಅರ್ಬುದದಿಂದ ಮಡಿದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಈ ವ್ಯಾಪಾರವನ್ನು ಬೀಜಕ್ಕೂ ಮಣ್ಣಿಗೂ ಹೋಲಿಸಿದರು. ಎಲ್ಲೆಡೆ ಚೆಲ್ಲಿದ ಬೀಜ ಹದವಾದ ನೆಲದಲ್ಲಿ ಮಾತ್ರ ಮೊಳೆಯುತ್ತದಷ್ಟೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಇವುಗಳ ಅರ್ಬುದಕ್ಕೆ ಎಲುಬು ಅಂಥ ನೆಲ.

ಎಲುಬು ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ಅರ್ಬುದವು ಎಲುಬನ್ನು ತಾನೇ ಕೊರೆದು ತಿನ್ನುವುದೆಂಬ ಭಾವನೆ ಅಷ್ಟು ಸರಿಯಲ್ಲ. ಅದು ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಎಲುಬು ಕರಗಿದಂತೆಲ್ಲ ಅದರಲ್ಲಿ ಅಡಗಿದ್ದ ಬೆಳವಣಿಗೆಯ ದ್ರವ್ಯಗಳು ಹೊರಬಿದ್ದು ಅರ್ಬುದವನ್ನೇ ಪೋಷಿಸುತ್ತವೆ. ಗೆದ್ದಲು ಹಿಡಿದ ತೊಲೆಯಂತೆ ಎಲುಬು ಹೊರಗೆ ನೆಟ್ಟಗೆ ಕಂಡರೂ ಒಳಗೆ ಟೊಳ್ಳಾಗುತ್ತದೆ. ಆಮೇಲೆ ಹಾಸಿಗೆಯಲ್ಲಿ ಹೊರಳಿದರೂ ಮುರಿದೀತು. ಅರ್ಬುದವಿದ್ದೆಡೆ ಮುರಿದ ಎಲುಬು ಸುಲಭವಾಗಿ ಕೂಡಿಕೊಳ್ಳುವುದೂ ಇಲ್ಲ.

ಆದುದರಿಂದ ಇಲ್ಲಿ ಶಸ್ತ್ರಚಿಕಿತ್ಸೆಯ ಗುರಿ ಸಾಮಾನ್ಯವಾಗಿ ರೋಗವನ್ನು ಬೇರುಸಹಿತ ಕೀಳುವುದಲ್ಲ. ರೋಗಿಯು ಬದುಕಿರುವಷ್ಟು ಕಾಲ ನೋವಿಲ್ಲದೆ ನಡೆದಾಡುವಂತೆ ಮಾಡುವುದು. ಇದನ್ನು ಅಲ್ಪವೆಂದು ಎಣಿಸಬಾರದು.

ಎಲುಬು ಮುರಿಯಲಿದೆಯೆಂದು ಮೊದಲೇ ತಿಳಿಯುವುದು ಹೇಗೆ? 1989ರಲ್ಲಿ ಮಿರೆಲ್ಸ್ ಎಂಬ ವೈದ್ಯರು ಒಂದು ಅಂಕಪದ್ಧತಿಯನ್ನು ಪ್ರಕಟಿಸಿದರು. ರೋಗ ತಗುಲಿದ ಸ್ಥಳ, ನೋವಿನ ರೀತಿ, ಕ್ಷ-ಕಿರಣ ಚಿತ್ರದಲ್ಲಿ ಕಾಣುವ ಕಲೆಯ ಬಗೆ, ಅದರ ಅಗಲ, ಈ ನಾಲ್ಕಕ್ಕೂ ತಲಾ 1ರಿಂದ 3 ಅಂಕ. ನಮ್ಮ ಗೃಹಿಣಿ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದರೆನ್ನಿ. ತೊಡೆಯೆಲುಬಿನ ಮೇಲ್ತುದಿಗೆ 3, ನಡೆದಾಗ ಹೆಚ್ಚುವ ನೋವಿಗೆ 3, ಎಲುಬು ಕರಗಿದ ಗುರುತಿಗೆ 3, ಎಲುಬಿನ ಅರ್ಧ ಅಗಲವನ್ನು ಆಕ್ರಮಿಸಿದ ಕಲೆಗೆ 2, ಒಟ್ಟು 11. ಮೊತ್ತ 7ನ್ನು ಮೀರದಿದ್ದರೆ ವಿಕಿರಣ ಚಿಕಿತ್ಸೆ ಸಾಕಾಗಬಹುದು. 8 ಬಂದರೆ ವೈದ್ಯರ ವಿವೇಚನೆ. 9 ಅಥವಾ ಹೆಚ್ಚಾದರೆ ಮುರಿಯುವ ಮೊದಲೇ ಆಸರೆ ಕೊಡಬೇಕು.

ಸೊಂಟದ ಬಳಿ ಚಿಕ್ಕ ಸೀಳು ಮಾಡಿ, ತೊಡೆಯೆಲುಬಿನ ಟೊಳ್ಳಿನುದ್ದಕ್ಕೂ ಲೋಹದ ಸರಳನ್ನು ತೂರಿಸಿ, ಎರಡು ತುದಿಗಳಲ್ಲಿಯೂ ತಿರುಪುಗಳಿಂದ ಬಿಗಿಯುತ್ತಾರೆ. ದೇಹದ ಭಾರವನ್ನು ಸರಳೂ ಹೊರುತ್ತದೆ. ಎಲುಬಿನ ತಲೆಯೇ ಹಾಳಾಗಿದ್ದರೆ ಅದನ್ನು ತೆಗೆದು ಕೃತಕ ಕೀಲನ್ನು ಕೂರಿಸುವುದುಂಟು. ಗಾಯ ಮಾಗಿದ ಮೇಲೆ ವಿಕಿರಣ ಚಿಕಿತ್ಸೆ ಬೇಕು. ಇಲ್ಲವಾದರೆ ಉಳಿದ ಕೋಶಗಳು ಬೆಳೆದು ಸರಳನ್ನೇ ಸಡಿಲಿಸಬಹುದು.

ಬೆನ್ನೆಲುಬಿನಲ್ಲಿ ಅವಸರ ಇನ್ನೂ ಹೆಚ್ಚು. ಗಂತಿಯು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಅಮೆರಿಕದ ಪ್ಯಾಚೆಲ್ ಮತ್ತು ಸಂಗಡಿಗರು ಇಂಥ 101 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ಒತ್ತಡವನ್ನು ಶಸ್ತ್ರದಿಂದ ತೆಗೆದು ಬಳಿಕ ವಿಕಿರಣ ಕೊಟ್ಟವರಲ್ಲಿ ನೂರಕ್ಕೆ 84 ಮಂದಿ ನಡೆಯಬಲ್ಲವರಾದರು. ವಿಕಿರಣವನ್ನು ಮಾತ್ರ ಪಡೆದವರಲ್ಲಿ 57 ಮಂದಿ. ಕಾಲು ಪೂರ್ತಿ ಸೋತು 48 ಗಂಟೆಗಿಂತ ಹೆಚ್ಚು ಕಳೆದಿದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ.