ತೊಟ್ಟೆಯೊಳಗೆ ಕಾಗದ, ಬಾಗಿಲ ಹಿಂದೆ ತೊಟ್ಟೆ

ಕೊಳ್ಳೇಗಾಲದ ಹೊಳೆಬದಿಯ ಊರುಗಳಿಗೆ ನೆರೆ ಬರುವ ರೀತಿ ನಮ್ಮ ಕರಾವಳಿಯ ಹಾಗಲ್ಲ. ನಮ್ಮಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ನೇತ್ರಾವತಿ ಏರುತ್ತದೆ, ಮನೆಯವರಿಗೆ ಮೊದಲೇ ಒಂದು ಅಂದಾಜು ಇರುತ್ತದೆ. ಅಲ್ಲಿ ಬಿಸಿಲು ಇರುವಾಗಲೂ ನೀರು ಬರಬಹುದು. ಕೊಡಗಿನ ಮಳೆಗೆ ಕೆಆರ್‌ಎಸ್ ತುಂಬುತ್ತದೆ, ವಯನಾಡಿನ ಮಳೆಗೆ ಕಬಿನಿ ತುಂಬುತ್ತದೆ. ಎರಡೂ ಕಡೆ ಗೇಟು ತೆರೆದರೆ ಆ ನೀರೆಲ್ಲ ತಿರುಮಕೂಡಲಿನಲ್ಲಿ ಒಂದಾಗಿ ಕೊಳ್ಳೇಗಾಲ ತಾಲೂಕಿನ ದಾಸನಪುರ, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಮುಳ್ಳೂರಿನ ಕಡೆ ನುಗ್ಗುತ್ತದೆ. 2018, 2019, 2024ರಲ್ಲಿ ಆದದ್ದು ಇದೇ. 2018ರಲ್ಲಂತೂ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು.

ಇಂಥ ನೆರೆಯಲ್ಲಿ ಮನೆ ಬಿಡಲು ಸಿಗುವುದು ಸ್ವಲ್ಪ ಹೊತ್ತು. ಮಕ್ಕಳು, ವಯಸ್ಸಾದವರು, ದನಕರು ಎಂದು ಓಡಾಡುವಷ್ಟರಲ್ಲಿ ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಕಾಗದಪತ್ರದ ನೆನಪು ಯಾರಿಗೆ ಬರುತ್ತದೆ? ಆಮೇಲೆ ಕಾಳಜಿ ಕೇಂದ್ರದಿಂದ ಮನೆಗೆ ಮರಳಿದಾಗ ಅಧಿಕಾರಿಗಳು ಕೇಳುವುದು ಅದನ್ನೇ. ಪರಿಹಾರದ ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ಆಧಾರ್ ಬೇಕು, ಪಾಸ್‌ಬುಕ್ ಬೇಕು, ಮನೆ ಯಾರದ್ದೆಂದು ತೋರಿಸಬೇಕು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ, ದಾಖಲೆ ಕಳಕೊಂಡವರಿಗೆ ಹೊಸದಾಗಿ ಮಾಡಿಕೊಡಲು ಕೇರಳ ಸರಕಾರ ಬೇರೆಯೇ ಶಿಬಿರ ನಡೆಸಬೇಕಾಯಿತು. ನಮ್ಮ ಮನೆಗಳಲ್ಲಿ ಈ ಪಟ್ಟಿ ಇನ್ನೂ ಉದ್ದ. ಗಲ್ಫ್‌ನಲ್ಲಿರುವವರ ಪಾಸ್‌ಪೋರ್ಟ್, ಮಕ್ಕಳ ಮಾರ್ಕ್ಸ್‌ಕಾರ್ಡ್, ನಿಕಾಹ್‌ನ ದಾಖಲೆ, ಉಪ್ಪನ ಹೆಸರಿನಲ್ಲೇ ಇರುವ ಜಾಗದ ಪತ್ರ.

ಇದಕ್ಕೆಲ್ಲ ಬೇಕಾದ ಸಾಮಾನು ಮನೆಯಲ್ಲೇ ಬಿದ್ದಿದೆ. ನಾವು ತೊಟ್ಟೆ ಅನ್ನುತ್ತೇವೆ, ಕೊಳ್ಳೇಗಾಲದವರು ಕವರ್ ಅನ್ನುತ್ತಾರೆ. ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ, ಇದಕ್ಕೋಸ್ಕರ ಹೊಸದು ತರುವುದು ಬೇಡ. ಹಾಲಿನ ತೊಟ್ಟೆ ತೊಳೆದು ಒಣಗಿಸಿದರೆ ಸಾಕು, ಅದು ಅಂಗಡಿಯ ತೆಳು ತೊಟ್ಟೆಗಿಂತ ಎಷ್ಟೋ ಗಟ್ಟಿ. ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಸೀರೆಯ ಕವರ್‌ಗೆ ಬರವಿಲ್ಲ. ಮಡಚದೆ ಇಡಬೇಕಾದ ಪತ್ರಕ್ಕೆ ಅದು ಸರಿಯಾದ ಅಳತೆ. ಆದರೆ ಅದರ ಜಿಪ್ಪಿನಿಂದಲೂ ಹೊಲಿಗೆಯಿಂದಲೂ ನೀರು ಇಳಿಯುತ್ತದೆ, ಆದ್ದರಿಂದ ಅದೊಂದನ್ನೇ ನಂಬಬಾರದು.

ತೊಟ್ಟೆ ಸೋರುವುದು ಹೆಚ್ಚಾಗಿ ಬಾಯಿಯಲ್ಲಿ ಮತ್ತು ತಳದ ಅಂಟಿನಲ್ಲಿ. ಹಾಗಾಗಿ ಎರಡು ತೊಟ್ಟೆ ಬೇಕು. ಕಾಗದ ಹಾಕಿದ ಮೊದಲನೆಯದರ ಗಾಳಿ ತೆಗೆದು, ಬಾಯಿಯನ್ನು ಹಗ್ಗದ ಹಾಗೆ ಹೊಸೆದು, ಹೊಸೆದದ್ದನ್ನು ಹಿಂದಕ್ಕೆ ಮಡಚಿ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಬರೀ ಗಂಟು ಹಾಕಿದರೆ ಸಂದಿನಲ್ಲಿ ನೀರು ಹೋಗುತ್ತದೆ. ಅದನ್ನು ತಲೆಕೆಳಗಾಗಿ ಎರಡನೆಯ ತೊಟ್ಟೆಗಿಟ್ಟು ಹಾಗೆಯೇ ಕಟ್ಟಬೇಕು. ಹೊರಗಿನದರಲ್ಲಿ ಸ್ವಲ್ಪ ಗಾಳಿ ಇರಲಿ, ಕೈತಪ್ಪಿ ನೀರಿಗೆ ಬಿದ್ದರೆ ತೇಲುತ್ತದೆ. ಮೊದಲು ಒಂದು ಹಳೆಯ ಪೇಪರ್ ತುಂಡು ಹಾಕಿ ಬಾಲ್ದಿ ನೀರಿನಲ್ಲಿ ಅರ್ಧ ಗಂಟೆ ಒತ್ತಿಟ್ಟು ನೋಡಿ. ನಾವು ಮಾಡಿದಾಗ ನಾಲ್ಕರಲ್ಲಿ ಒಂದು ಸೋರಿತು, ಹೊರಗಿನಿಂದ ನೋಡಿದರೆ ಯಾವ ತೂತೂ ಕಾಣಿಸುತ್ತಿರಲಿಲ್ಲ.

ಕಾಗದದ ಜೊತೆ ಇನ್ನೇನು ಎಂಬುದು ಊರಿನ ಮೇಲೆ ಹೋಗುತ್ತದೆ. ಯಳಂದೂರಿನ ಸುವರ್ಣಾವತಿ ಬದಿಯವರಿಗೆ ಕೊಳ್ಳೇಗಾಲದ ಹಾಗೆ ಹೊರಡುವ ಗಂಟು ಬೇಕು. 2022ರಲ್ಲಿ ಅಲ್ಲಿಯೂ ನೀರು ಬಂದಿತ್ತು. ಹನೂರಿನ ಕಾಡಂಚಿನಲ್ಲಿ ಹಳ್ಳ ತುಂಬಿ ದಾರಿ ಕಡಿದರೆ ಮನೆಯಲ್ಲೇ ಕೂತು ಕಾಯಬೇಕು. ಅಲ್ಲಿ ಬೆಂಕಿಪೊಟ್ಟಣ, ಟಾರ್ಚಿನ ಸೆಲ್, ಬಿಪಿ-ಸಕ್ಕರೆ ಕಾಯಿಲೆಯ ಒಂದು ವಾರದ ಮಾತ್ರೆ ಒಣಗಿರುವುದು ಮುಖ್ಯ. ಓಆರ್‌ಎಸ್ ಪುಡಿ ಇಟ್ಟರೆ ಒಂದು ಲೀಟರ್ ಬಾಟಲಿಯೂ ಜೊತೆಗಿರಲಿ, ದೊಡ್ಡ ಪ್ಯಾಕೆಟ್‌ನ ಅಳತೆ ಅದೇ. ಮೊಬೈಲ್ ತೆಳು ತೊಟ್ಟೆಯೊಳಗಿದ್ದರೂ ಬೆರಳು ಒತ್ತಿದರೆ ಕೆಲಸ ಮಾಡುತ್ತದೆ. ಡಿಜಿಲಾಕರ್ ಇದೆಯಲ್ಲ ಅನ್ನುವವರಿದ್ದಾರೆ. ಇರಲಿ, ಒಳ್ಳೆಯದೇ. ಆದರೆ ಚಾರ್ಜ್ ಮುಗಿದ ಮೇಲೆ, ಟವರ್ ಹೋದ ಮೇಲೆ ಅದನ್ನು ತೆರೆಯುವುದು ಹೇಗೆ?

ಮಾಡಬಾರದ್ದೂ ಇದೆ. ಕಾಲಿಗೆ ತೊಟ್ಟೆ ಕಟ್ಟಿ ನೆರೆ ನೀರಿಗೆ ಇಳಿಯಬೇಡಿ, ಕೆಸರಿನಲ್ಲಿ ಜಾರಿ ಬೀಳುತ್ತೀರಿ. ಕಾಲಿನಲ್ಲಿ ಗಾಯ ಇದ್ದವರು ಆ ನೀರಿಗೆ ಇಳಿಯದಿರುವುದೇ ಒಳ್ಳೆಯದು, ಇಲಿಜ್ವರ ಬರುವುದು ಆ ದಾರಿಯಲ್ಲಿ. ಕಪ್ಪು ತೊಟ್ಟೆಯಲ್ಲಿ ಕುಡಿಯುವ ನೀರು, ತಿಂಡಿ ಬೇಡ. ಮಳೆಗೆಂದು ಮಕ್ಕಳ ತಲೆಗೆ ತೊಟ್ಟೆ ಹಾಕಲೇಬೇಡಿ. ಖಾಲಿ ತೊಟ್ಟೆ ದಾರಿಯಲ್ಲಿ ಎಸೆದರೆ ಹನೂರಿನ ಕಡೆ ಅದನ್ನು ತಿನ್ನಲು ದನವೂ ಇದೆ, ಆನೆಯೂ ಇದೆ.

ಪಾಣೆಮಂಗಳೂರು, ಬಂಟ್ವಾಳದ ನಮ್ಮ ಹಿರಿಯರು 1974ರ ನೆರೆಯನ್ನು ಈಗಲೂ ಹೇಳುತ್ತಾರೆ. ಆಗ ಅಟ್ಟಕ್ಕೆ ಹೋದದ್ದು ಉಳಿಯಿತು, ಕೆಳಗಿದ್ದದ್ದು ಹೋಯಿತು. ಈಗ ಎಷ್ಟೋ ಮನೆಗಳಲ್ಲಿ ಅಟ್ಟವೇ ಇಲ್ಲ. ಹಾಗಾಗಿ ಈ ಗಂಟು ಕಪಾಟಿನೊಳಗೆ ಬೇಡ. ಎದುರು ಬಾಗಿಲ ಹಿಂದೆ, ಉಮ್ಮನ ಕೈಗೆ ಸಿಗುವ ಎತ್ತರದಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿ. ಒಳಗೆ ಒಂದು ಚೀಟಿಯಲ್ಲಿ ಮನೆಯವರ ಹೆಸರು, ಬೇರೆ ಊರಿನ ಇಬ್ಬರ ಫೋನ್ ನಂಬರ್, ಜೊತೆಗೆ 112 ಮತ್ತು ಜಿಲ್ಲಾ ಕಂಟ್ರೋಲ್ ರೂಮಿನ 1077 ಬರೆದಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ.